ರಾಗಿಯ ವಂಶಾವಳಿಯಲ್ಲಿ ಒಬ್ಬ ವಿಜ್ಞಾನಿಯ ಲೆಕ್ಕ

ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ಅಂದರೆ ನಮ್ಮ ದುದ್ದ ಹೋಬಳಿಯ ಹಿರಿಯರ ಬಾಯಿಗೆ ಮೊದಲು ಬರುವ ಹೆಸರು ರಾಗಿ ಲಕ್ಷ್ಮಣಯ್ಯ. ನಾಲೆ ನೀರಿನ ಬಯಲಲ್ಲಿ, ಭತ್ತ ಕಬ್ಬುಗಳ ನಡುವೆ ಕೂತು ಅವರು ಕೈ ಹಾಕಿದ್ದು ರಾಗಿಗೆ. ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ ತಳಿಗಳ ನಂತರ ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳ ಸಾಲನ್ನೇ ಬೆಳೆಸಿದರು.

ಆ ಕೆಲಸ ಎಂಥದ್ದೆಂದು ಓದುಗರಿಗೆ ಹೇಳಲೇಬೇಕು. ರಾಗಿ ತನ್ನ ಪರಾಗದಿಂದ ತಾನೇ ಕಾಳು ಕಟ್ಟುವ ಬೆಳೆ. ಹೂವು ಕಣ್ಣಿಗೆ ಬೀಳದಷ್ಟು ಸಣ್ಣದು. ಅರಳುವುದು ಮಧ್ಯರಾತ್ರಿ ಕಳೆದ ಮೇಲೆ, ಬೆಳಕು ಹರಿಯುವ ಮೊದಲು. ಹೀಗಾಗಿ ತಳಿ ಬೆರೆಸುವವರು ಎರಡು ಗಿಡಗಳ ತೆನೆಗಳನ್ನು ಒತ್ತಾಗಿ ಕಟ್ಟಿ, ಒಂದರ ಪರಾಗ ಇನ್ನೊಂದರ ಮೇಲೆ ಬೀಳಲೆಂದು ಕಾಯುವ ಪದ್ಧತಿ ಇತ್ತು. ಆ ತೆನೆಯ ಕಾಳಲ್ಲಿ ಬಹುಪಾಲು ಹಳೆಯ ತಾಯಿಯದೇ, ಬೆರಕೆಯಾದದ್ದು ಬೆರಳೆಣಿಕೆಯಷ್ಟು. ಅವನ್ನು ಸಸಿಯಲ್ಲೇ ಗುರುತಿಸಿ, ತಲೆಮಾರಿನಿಂದ ತಲೆಮಾರಿಗೆ ಆರಿಸುತ್ತಾ ಹೋದರೆ ಎಷ್ಟೋ ವರ್ಷಕ್ಕೆ ಒಂದು ತಳಿ ನಿಲ್ಲುತ್ತದೆ.

ನಮ್ಮದು ಮಳೆ ನಂಬಿದ ಹೊಲ. ಮುಂಗಾರು ತಡವಾದ ವರ್ಷ ನಮ್ಮಪ್ಪ ಕೂರಿಗೆ ತೆಗೆಯುವ ಮೊದಲು ವಿಚಾರಿಸುತ್ತಿದ್ದುದು, "ಇಂಡಾಫ್ ಒಂಬತ್ತು ಬಂದೈತಾ, ಐದು ಬಂದೈತಾ" ಎಂದು. ಬೇಗ ಬರುವುದು ಯಾವುದು, ಎಷ್ಟು ದಿನಕ್ಕೆ ಕೊಯ್ಲು ಎಂಬುದು ಅವರ ನಾಲಗೆಯ ತುದಿಯಲ್ಲಿತ್ತು. ವಿಜ್ಞಾನಿಯ ಒಂದು ಪ್ರಬಂಧವನ್ನೂ ಅವರು ಕಂಡಿರಲಿಲ್ಲ.

ನಾನು ಓದಿ ಸೇರಿದ್ದು ಗ್ರಂಥಾಲಯಕ್ಕೆ. ಅಲ್ಲಿ ವಿಜ್ಞಾನಿಗಳನ್ನು ಅಳೆಯುವ ಬೇರೆಯೇ ಕೋಲು ಇತ್ತು. ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಸೈನ್ಸ್ ಸೈಟೇಶನ್ ಇಂಡೆಕ್ಸ್ ಹೊರತಂದರು: 613 ನಿಯತಕಾಲಿಕೆಗಳಲ್ಲಿ ಯಾರು ಯಾರ ಪ್ರಬಂಧವನ್ನು ಉಲ್ಲೇಖಿಸಿದ್ದಾರೆ ಎಂಬ ಸೂಚಿ. ಒಂದು ವಿಷಯದ ಹಿಂದುಮುಂದಿನ ಬರಹ ಹುಡುಕಲೆಂದು ಹುಟ್ಟಿದ ಈ ಸೂಚಿ ಬರಬರುತ್ತಾ ಮನುಷ್ಯರನ್ನು ತೂಗುವ ತಕ್ಕಡಿಯಾಯಿತು. 2005ರಲ್ಲಿ ಭೌತವಿಜ್ಞಾನಿ ಹಿರ್ಷ್ ಎಚ್-ಇಂಡೆಕ್ಸ್ ಕೊಟ್ಟರು: ಹತ್ತು ಪ್ರಬಂಧಗಳಿಗೆ ತಲಾ ಹತ್ತಾದರೂ ಉಲ್ಲೇಖ ಸಿಕ್ಕಿದ್ದರೆ ಆ ಸಂಶೋಧಕರ ಅಂಕ ಹತ್ತು. ನಮ್ಮ ಕೃಷಿ ವಿಜ್ಞಾನಿಗಳ ಪಾಲಿಗೆ ಇದರ ಜೊತೆಗೆ ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿ ಪತ್ರಿಕೆಗಳಿಗೆ ಕೊಡುವ ಅಂಕವೂ ಸೇರಿತು. ಬಡ್ತಿಯ ಕಾಲಕ್ಕೆ ಈ ಅಂಕಗಳ ಪಟ್ಟಿ ಹಿಡಿದು ಅಧ್ಯಾಪಕರು ನನ್ನ ಮೇಜಿಗೆ ಬರುತ್ತಿದ್ದರು. ಅವರ ಆತಂಕ ನನಗೆ ಅರ್ಥವಾಗುತ್ತಿತ್ತು. ಉಲ್ಲೇಖದ ಲೆಕ್ಕ ಬೇಡವೆಂದು ನಾನು ಹೇಳುವುದಿಲ್ಲ. ಪ್ರಬಂಧ ಪ್ರಬಂಧಕ್ಕೆ ಸಲ್ಲಿಸುವ ಋಣ ಅದರಲ್ಲಿ ಸರಿಯಾಗಿಯೇ ದಾಖಲಾಗುತ್ತದೆ.

ಬೀಜ ಬೀಜಕ್ಕೆ ಸಲ್ಲಿಸುವ ಋಣವೂ ದಾಖಲಾಗಿಯೇ ಇದೆ. ಅದಿರುವುದು ತಳಿಯ ವಂಶಾವಳಿಯಲ್ಲಿ. 1996ರಲ್ಲಿ ಬಿಡುಗಡೆಯಾಗಿ, ಬೆಂಕಿ ರೋಗ ತಡೆದುಕೊಂಡು, ರಾಜ್ಯದ ರಾಗಿ ಹೊಲಗಳನ್ನು ತುಂಬಿದ ಜಿಪಿಯು-28 ತಳಿಯ ಹಿರೀಕರನ್ನು ನೋಡಿ: ಒಂದು ಕಡೆ ಇಂಡಾಫ್-5, ಇನ್ನೊಂದು ಕಡೆ ಇಂಡಾಫ್-9 ಮತ್ತು ಐಇ-1012 ಕೂಡಿ ಹುಟ್ಟಿದ್ದು. ಎಂಎಲ್-365 ತಳಿಯಲ್ಲೂ ಒಂದು ಪಾಲು ಇಂಡಾಫ್-5. 2017ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಶೈಲಜಾ ಹಿಟ್ಟಲಮನಿ ಮತ್ತು ಸಂಗಡಿಗರು ರಾಗಿಯ ಜೀನೋಮ್ ಓದಿ ಪ್ರಕಟಿಸಿದಾಗ ಆರಿಸಿಕೊಂಡ ಗಿಡ ಇದೇ ಎಂಎಲ್-365. ಆ ಪ್ರಬಂಧವನ್ನು ಉಲ್ಲೇಖಿಸಿದವರ ಲೆಕ್ಕ ಲೇಖಕರ ಖಾತೆಗೆ ಸೇರುತ್ತದೆ, ಸೇರಬೇಕಾದ್ದೇ. ಆ ಗಿಡದ ಹಿಂದಿನ ತಲೆಮಾರನ್ನು ಮಂಡ್ಯದಲ್ಲಿ ಕಟ್ಟಿದವರ ಖಾತೆಗೆ ಸೇರುವ ದಾರಿ ಯಾವ ಸೂಚಿಯಲ್ಲೂ ಇಲ್ಲ.

1993ರಲ್ಲಿ ಲಕ್ಷ್ಮಣಯ್ಯ ತೀರಿಕೊಂಡಾಗ ಜಿಪಿಯು-28 ಇನ್ನೂ ಬಿಡುಗಡೆಯಾಗಿರಲಿಲ್ಲ. ಅವರ ಕೆಲಸದ ಫಲ ಅವರ ನಂತರವೂ ತಳಿಯಿಂದ ತಳಿಗೆ ಹಬ್ಬುತ್ತಲೇ ಇದೆ.

ಇದನ್ನು ಎಣಿಸುವುದು ಕಷ್ಟವೂ ಅಲ್ಲ. ಪ್ರತಿ ತಳಿಯ ಬಿಡುಗಡೆ ಪ್ರಸ್ತಾವದಲ್ಲಿ ಅದರ ವಂಶಾವಳಿ ಇರುತ್ತದೆ. ಯಾವ ತಳಿಗೆ ಎಷ್ಟು ತಳಿವರ್ಧಕ ಬೀಜ ಬೇಕೆಂದು ರಾಜ್ಯಗಳು ಕೇಂದ್ರಕ್ಕೆ ವರ್ಷಾವರ್ಷ ಬೇಡಿಕೆ ಸಲ್ಲಿಸುತ್ತವೆ. ಈ ಎರಡು ಕಡತಗಳನ್ನು ಜೋಡಿಸಿದರೆ ಒಬ್ಬ ತಳಿ ವಿಜ್ಞಾನಿಯ ದುಡಿಮೆ ಎಷ್ಟು ಹೊಲ ತಲುಪಿತು, ಎಷ್ಟು ಹೊಸ ತಳಿಗೆ ಬೇರಾಯಿತು ಎಂಬುದು ಹೊರಬೀಳುತ್ತದೆ. ಇವತ್ತು ವಿ.ಸಿ. ಫಾರಂನ ಮಡಿಗಳಲ್ಲಿ ನಿಂತು ತೆನೆ ಕಟ್ಟುವ ಹುಡುಗ ಹುಡುಗಿಯರ ಬಡ್ತಿಯ ಅರ್ಜಿಯಲ್ಲಿ ಪ್ರಬಂಧದ ಅಂಕಣದ ಪಕ್ಕ ಇದಕ್ಕೂ ಒಂದು ಅಂಕಣ ಇರಬೇಕು. ಇಲ್ಲದಿದ್ದರೆ ಹತ್ತು ವರ್ಷ ಕಾದು ತಳಿ ಮಾಡುವ ಬದಲು ವರ್ಷಕ್ಕೆರಡು ಪ್ರಬಂಧ ಬರೆಯುವುದೇ ಲೇಸೆಂದು ಅವರಿಗೆ ನಾವೇ ಕಲಿಸಿದಂತಾಗುತ್ತದೆ. ಅದರ ನಷ್ಟ ಬೀಳುವುದು ಮಳೆ ನಂಬಿದ ಹೊಲಗಳ ಮೇಲೆ.