ಮಿಜೋ ಬಂಡಾಯ ಮತ್ತು ಭಾರತ ಸರ್ಕಾರದ ಪ್ರತಿಕ್ರಿಯೆ (1966–1986)

ಮಿಜೋ ಬಂಡಾಯ: ಅಸ್ಸಾಂ ರಾಜ್ಯದ ಅಂದಿನ ಮಿಜೋ ಜಿಲ್ಲೆಯಲ್ಲಿ (ಇಂದಿನ ಮಿಜೋರಂ) 1966ರ ಫೆಬ್ರವರಿ 28ರ ರಾತ್ರಿ ಸಿಡಿದು, 1986ರ ಜೂನ್ 30ರ ಒಪ್ಪಂದದೊಂದಿಗೆ ಮುಗಿದ ಸಶಸ್ತ್ರ ಪ್ರತ್ಯೇಕತಾ ಹೋರಾಟ. ನಡೆಸಿದ್ದು ಲಾಲ್‌ಡೆಂಗಾ ನೇತೃತ್ವದ ಮಿಜೋ ನ್ಯಾಷನಲ್ ಫ್ರಂಟ್ (ಎಂಎನ್‌ಎಫ್). ಮಿಜೋಗಳು ಈ ಇಪ್ಪತ್ತು ವರ್ಷಗಳನ್ನು 'ರಾಮ್‌ಬುಆಯ್' ಎಂದು ಕರೆಯುತ್ತಾರೆ. ನಾಡು ಕದಡಿದ ಕಾಲ ಎಂದು ಅರ್ಥ.

ಪ್ರತ್ಯೇಕತಾವಾದಿ ಬಂಡಾಯವನ್ನು ಸರ್ಕಾರ ಹೇಗೆ ಎದುರಿಸಬೇಕು ಎಂಬ ಚರ್ಚೆ ಬಂದಾಗಲೆಲ್ಲ ಮಿಜೋರಂ ಮಾದರಿಯ ಪ್ರಸ್ತಾಪವಾಗುತ್ತದೆ. ಬಂದೂಕು ಕೆಳಗಿಟ್ಟವರು ಮತ್ತೆ ಕೈಗೆತ್ತಿಕೊಳ್ಳದ ಇಂಥ ಇನ್ನೊಂದು ಒಪ್ಪಂದ ಈಶಾನ್ಯದಲ್ಲಿ ಸಿಗುವುದು ಕಷ್ಟ. ಆದರೆ ಯಶಸ್ಸಿನ ಕಾರಣ ಯಾವುದು ಎಂಬಲ್ಲಿ ಒಮ್ಮತವಿಲ್ಲ. ಸೇನೆಯ ಕಡೆಯವರು ಕಾರ್ಯಾಚರಣೆಯನ್ನು, ದೆಹಲಿಯ ಅಧಿಕಾರಿಗಳು ಮಾತುಕತೆಯನ್ನು, ಮಿಜೋಗಳು ಚರ್ಚುಗಳ ಮಧ್ಯಸ್ಥಿಕೆಯನ್ನು ಮುಂದಿಡುತ್ತಾರೆ. ಮೂರೂ ವಾದಗಳು ತೀರಾ ಹಗುರವಾಗಿ ದಾಟಿಹೋಗುವುದು ಒಂದೇ ಘಟ್ಟವನ್ನು: 1967ರಿಂದ ನಡೆದ ಊರುಗಳ ಒಟ್ಟುಗೂಡಿಕೆ. ಅದಕ್ಕೇ ಇಲ್ಲಿ ಅದರ ಪಾಲು ದೊಡ್ಡದು.

ಹಿನ್ನೆಲೆ: ಬಿದಿರು, ಇಲಿ, ಬರ

ಮಿಜೋ ಬೆಟ್ಟಗಳನ್ನು ಮುಚ್ಚಿಕೊಂಡಿರುವ 'ಮೌತಾಕ್' ಜಾತಿಯ ಬಿದಿರು ಸುಮಾರು 48 ವರ್ಷಕ್ಕೊಮ್ಮೆ ಏಕಕಾಲಕ್ಕೆ ಹೂ ಬಿಟ್ಟು, ಹಣ್ಣಾಗಿ, ಸಾಯುತ್ತದೆ. ಹೇರಳವಾಗಿ ಉದುರುವ ಹಣ್ಣನ್ನು ತಿಂದು ಇಲಿಗಳು ಬೆಳೆಯುತ್ತವೆ. ಹಣ್ಣು ತೀರಿದ ಮೇಲೆ ಗದ್ದೆಗೂ ಕಣಜಕ್ಕೂ ನುಗ್ಗುತ್ತವೆ. ಈ ಬರಕ್ಕೆ 'ಮೌತಾಮ್' ಎಂದು ಹೆಸರು. 1911–12ರಲ್ಲಿ ಬಂದಿದ್ದ ಅದು 1959ರ ಹೊತ್ತಿಗೆ ಮರಳುವುದೆಂದು ಹಿರಿಯರಿಗೆ ಗೊತ್ತಿತ್ತು. ಮಿಜೋ ಜಿಲ್ಲಾ ಮಂಡಳಿ 1958ರಲ್ಲೇ ಅಸ್ಸಾಂ ಸರ್ಕಾರವನ್ನು ಎಚ್ಚರಿಸಿ 15 ಲಕ್ಷ ರೂಪಾಯಿ ಕೇಳಿತು. ಶಿಲ್ಲಾಂಗಿನ ಕಚೇರಿಗಳಿಗೆ ಇದು ಗುಡ್ಡಗಾಡಿನವರ ಮೂಢನಂಬಿಕೆಯಂತೆ ಕಂಡಿತು. ಬರ ಹೇಳಿದ ಹೊತ್ತಿಗೇ ಬಂತು. ಸತ್ತ ಇಲಿಯ ಬಾಲ ತಂದುಕೊಟ್ಟವರಿಗೆ ಬಾಲಕ್ಕಿಷ್ಟು ಎಂದು ಕಾಸು ಕೊಡಲಾಯಿತು. ಬಾಲಗಳ ಲೆಕ್ಕ ಲಕ್ಷಗಳಲ್ಲಿ ಹೋಯಿತು, ಅಕ್ಕಿ ಮಾತ್ರ ಬೆಟ್ಟ ಹತ್ತಲು ತಡವಾಯಿತು.

ಹಿಂದೆ ಸೇನೆಯಲ್ಲಿ ಹವಾಲ್ದಾರನಾಗಿದ್ದು, ಆಮೇಲೆ ಜಿಲ್ಲಾ ಮಂಡಳಿಯಲ್ಲಿ ಗುಮಾಸ್ತಿಕೆ ಮಾಡಿದ್ದ ಲಾಲ್‌ಡೆಂಗಾ, ಅಕ್ಕಿಮೂಟೆ ಹೊತ್ತು ಊರೂರಿಗೆ ತಲುಪಿಸುವ ಯುವಕರನ್ನು 1960ರಲ್ಲಿ ಮಿಜೋ ನ್ಯಾಷನಲ್ ಫ್ಯಾಮಿನ್ ಫ್ರಂಟ್ ಹೆಸರಿನಲ್ಲಿ ಕೂಡಿಹಾಕಿದರು. 1961ರ ಅಕ್ಟೋಬರ್ 22ರಂದು 'ಫ್ಯಾಮಿನ್' ಪದ ಬಿದ್ದುಹೋಗಿ ಸಂಘಟನೆ ಪಕ್ಷವಾಯಿತು. ಅಸ್ಸಾಮಿಯನ್ನು ರಾಜ್ಯಭಾಷೆ ಮಾಡಿದ 1960ರ ಕಾಯಿದೆ, ಅಸ್ಸಾಂ ರೆಜಿಮೆಂಟಿನ ಎರಡನೇ ಬೆಟಾಲಿಯನ್ನಿನಿಂದ ವಜಾ ಆಗಿ ಊರಿಗೆ ಮರಳಿದ ಮಿಜೋ ಸೈನಿಕರು, ಪೂರ್ವ ಪಾಕಿಸ್ತಾನ ಒದಗಿಸಿದ ಆಯುಧ ಮತ್ತು ನೆಲೆ, ಇವೆಲ್ಲ ಮುಂದಿನ ಐದು ವರ್ಷಗಳಲ್ಲಿ ಸೇರಿಕೊಂಡವು. ಪ್ರತ್ಯೇಕತೆಯ ಸಿದ್ಧಾಂತ ಎಷ್ಟು ಹಳೆಯದು ಎಂಬುದು ವಿವಾದದ ವಿಷಯ. ಬರ ಬರುವವರೆಗೆ ಅದಕ್ಕೆ ಜನಬಲ ಇರಲಿಲ್ಲ ಎನ್ನುವುದನ್ನು ಬಹುತೇಕ ಎಲ್ಲರೂ ಒಪ್ಪುತ್ತಾರೆ.

1966ರ ಮಾರ್ಚ್

'ಆಪರೇಷನ್ ಜೆರಿಕೊ' ಹೆಸರಿನಲ್ಲಿ ಐಜಾಲ್, ಲುಂಗ್‌ಲೇ, ಚಂಫಾಯ್ ಮೊದಲಾದ ಕಡೆ ಒಂದೇ ರಾತ್ರಿ ದಾಳಿ ನಡೆಯಿತು. ಐಜಾಲಿನ ಖಜಾನೆ ಲೂಟಿಯಾಯಿತು. ಮಾರ್ಚ್ 1ರಂದು 61 ಮಂದಿ ಸಹಿ ಹಾಕಿದ ಸ್ವಾತಂತ್ರ್ಯ ಘೋಷಣೆ ಹೊರಬಿತ್ತು. ಜಿಲ್ಲೆಯನ್ನು ಗಲಭೆಗ್ರಸ್ತ ಪ್ರದೇಶವೆಂದು ಸಾರಿ, 1958ರ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯಿದೆಯನ್ನು ಜಾರಿಗೆ ತರಲಾಯಿತು. ಎಂಎನ್‌ಎಫ್ ಮಾರ್ಚ್ 6ರಂದು ನಿಷೇಧಕ್ಕೊಳಗಾಯಿತು. ಅಸ್ಸಾಂ ರೈಫಲ್ಸ್ ಠಾಣ್ಯಕ್ಕೆ ಹೆಲಿಕಾಪ್ಟರಿನಲ್ಲಿ ನೆರವು ಇಳಿಸುವ ಪ್ರಯತ್ನ ಗುಂಡಿನ ದಾಳಿಯಿಂದ ವಿಫಲವಾದ ಮೇಲೆ, ವಾಯುಪಡೆಯ ತೂಫಾನಿ ಮತ್ತು ಹಂಟರ್ ವಿಮಾನಗಳು ಐಜಾಲಿನ ಮೇಲೆ ದಾಳಿ ನಡೆಸಿದವು. ದೇಶದೊಳಗಿನ ಊರೊಂದರ ಮೇಲೆ ಭಾರತೀಯ ವಾಯುಪಡೆ ಹೀಗೆ ಎರಗಿದ ಬೇರೆ ನಿದರ್ಶನ ದಾಖಲೆಗಳಲ್ಲಿಲ್ಲ. ವಿಮಾನಗಳು ಸೈನಿಕರನ್ನೂ ಸಾಮಗ್ರಿಯನ್ನೂ ಇಳಿಸಲು ಹೋಗಿದ್ದವು ಎಂಬುದು ಪ್ರಧಾನಿ ಇಂದಿರಾ ಗಾಂಧಿಯವರ ವಿವರಣೆ. ಸುಟ್ಟ ಬೀದಿಗಳನ್ನು ಕಣ್ಣಾರೆ ಕಂಡವರಿಗೆ ದಾಳಿಯಷ್ಟೇ ಈ ವಿವರಣೆಯೂ ನೋವುಂಟುಮಾಡಿತು.

ತಿಂಗಳೊಳಗೆ ಪಟ್ಟಣಗಳು ಸೇನೆಯ ಕೈಗೆ ಮರಳಿದವು. ಬಂಡುಕೋರರು ಕಾಡು ಸೇರಿದರು.

ಊರುಗಳ ಒಟ್ಟುಗೂಡಿಕೆ

21,081 ಚದರ ಕಿ.ಮೀ. ಬೆಟ್ಟನಾಡು, 1961ರ ಜನಗಣತಿಯಂತೆ 2,66,063 ಜನ, ಶಿಖರಗಳ ಮೇಲೆ ಚದುರಿದ 764 ಊರುಗಳು, ಬೆನ್ನೆಲುಬಿನಂತೆ ಸಿಲ್ಚಾರಿನಿಂದ ಐಜಾಲಿನ ಮೂಲಕ ಲುಂಗ್‌ಲೇಗೆ ಹೋಗುವ ಒಂದು ರಸ್ತೆ. ಕಾಡಿನಲ್ಲಿದ್ದ ಬಂಡುಕೋರರಿಗೆ ಅನ್ನ, ಸುದ್ದಿ, ಹೊಸ ಹುಡುಗರು ಈ ಊರುಗಳಿಂದ ಬರುತ್ತಿದ್ದರು. ಪ್ರತಿ ಊರಿಗೂ ಕಾವಲು ಹಾಕುವಷ್ಟು ಸೈನ್ಯವಿರಲಿಲ್ಲ. ಕಾವಲು ಇರುವಲ್ಲಿಗೇ ಊರನ್ನು ತರುವುದು ಎಂಬ ನಿರ್ಧಾರ ಈ ಲೆಕ್ಕದಿಂದ ಹುಟ್ಟಿತು. ಆಗ ಪೂರ್ವ ವಲಯದ ಸೇನಾ ಮುಖ್ಯಸ್ಥರಾಗಿದ್ದವರು ಸ್ಯಾಮ್ ಮಾಣೆಕ್‌ಶಾ.

1967ರ ಜನವರಿಯಲ್ಲಿ ಶುರುವಾದ ಮೊದಲ ಹಂತದಲ್ಲಿ ಹೆದ್ದಾರಿಯ ಅಕ್ಕಪಕ್ಕದ 106 ಊರುಗಳನ್ನು 18 ಕೇಂದ್ರಗಳಿಗೆ ಸಾಗಿಸಲಾಯಿತು. ಕಡತದಲ್ಲಿ ಇವುಗಳ ಹೆಸರು 'ರಕ್ಷಿತ ಮತ್ತು ಪ್ರಗತಿಶೀಲ ಗ್ರಾಮಗಳು'. 1969–70ರಲ್ಲಿ ಮುಂದಿನ ಹಂತಗಳು ಬಂದವು. ಅವುಗಳಲ್ಲೊಂದಕ್ಕೆ 'ಸ್ವಯಂಪ್ರೇರಿತ' ಎಂಬ ವಿಶೇಷಣವೂ ಸಿಕ್ಕಿತು. ಸಿ. ನುನ್‌ಥಾರಾ ಅವರ ಅಧ್ಯಯನದ ಪ್ರಕಾರ ಒಟ್ಟು 516 ಊರುಗಳು ಖಾಲಿಯಾಗಿ 110 ಕೇಂದ್ರಗಳಲ್ಲಿ ಸೇರಿದವು. ಮುಟ್ಟದೆ ಉಳಿದವು 138. ಅಂದರೆ ಹತ್ತು ಮಿಜೋಗಳಲ್ಲಿ ಸುಮಾರು ಎಂಟು ಮಂದಿ ಬೇಲಿಯೊಳಗೆ ಬಂದರು. ಮಿಜೋ ಮಾತಿನಲ್ಲಿ ಇದಕ್ಕಿರುವ ಪದ 'ಖೋಖೋಮ್', ಊರು ಕೂಡಿಹಾಕುವುದು. ಅದರಲ್ಲಿ ರಕ್ಷಣೆಯೂ ಇಲ್ಲ, ಪ್ರಗತಿಯೂ ಇಲ್ಲ.

ದಾರ್ಜೊ ಎಂಬ ಊರಿನಲ್ಲಿ ನಡೆದದ್ದನ್ನು ಅದರ ಹೊಣೆ ಹೊತ್ತಿದ್ದ ಸೇನಾಧಿಕಾರಿಯೇ ಹೇಳಿಕೊಂಡಿದ್ದಾರೆ. ಅದನ್ನು ದಾಖಲಿಸಿದವರು ಮಿಜೋರಂನಲ್ಲಿ ಕೆಲಸ ಮಾಡಿದ ಐಎಎಸ್ ಅಧಿಕಾರಿ ವಿಜೇಂದ್ರ ಸಿಂಗ್ ಜಾಫಾ. ಅದು ಅನುಕೂಲಸ್ಥ ಊರು. ಹೊರಲಾದಷ್ಟನ್ನು ಹೊತ್ತು, ಮನೆಗೆ ನೀವೇ ಬೆಂಕಿಯಿಟ್ಟು ಹೊರಡಿ ಎಂದು ಆಜ್ಞೆಯಾಯಿತು. ಯಾರೂ ಕದಲಲಿಲ್ಲ. ಬೆಂಕಿಯನ್ನು ಸೇನೆಯೇ ಹಚ್ಚಬೇಕಾಯಿತು. ಬಂಡುಕೋರರ ಕೈಗೆ ಸಿಗಬಾರದೆಂದು ಭತ್ತವೂ ಸುಟ್ಟಿತು. ಆಮೇಲೆ ಊರ ಹಿರಿಯರ ಮುಂದೆ ಎರಡು ಕಾಗದಗಳು ಬಂದವು. ಬಂಡುಕೋರರ ಕಾಟ ತಾಳದೆ ನಾವಾಗಿಯೇ ಸೇನೆಯ ಆಸರೆ ಕೇಳಿದೆವು ಎಂದು ಒಂದರಲ್ಲಿ; ನಮ್ಮ ಊರನ್ನು ನಾವೇ ಸುಟ್ಟುಕೊಂಡೆವು, ಯಾರ ಬಲವಂತವೂ ಇರಲಿಲ್ಲ ಎಂದು ಇನ್ನೊಂದರಲ್ಲಿ. ಹಿರಿಯರು ಒಲ್ಲೆ ಎಂದರು. ಬಂದೂಕು ತೋರಿಸಿದ ಮೇಲೆ ಸಹಿ ಬಿತ್ತು. ಎಲ್ಲ ಊರುಗಳಲ್ಲೂ ಹೀಗೇ ನಡೆಯಿತೆಂದು ಇದೊಂದರಿಂದ ಹೇಳಲಾಗದು. ಆದರೆ ಆ ಎರಡನೇ ಕಾಗದದಂಥವು ಸರ್ಕಾರಿ ಕಡತದಲ್ಲಿ ಇರುವಾಗ, ಕಡತವನ್ನಷ್ಟೇ ಓದಿ ಈ ಇತಿಹಾಸ ಬರೆಯುವವರು ಎಚ್ಚರದಿಂದ ಇರಬೇಕಾಗುತ್ತದೆ.

ಯೋಜನೆಗೆ ಮಾದರಿ ಮಲಯಾದಲ್ಲಿತ್ತು. ಅಲ್ಲಿ 1950ರಿಂದ ಬ್ರಿಟಿಷರು ಬ್ರಿಗ್ಸ್ ಯೋಜನೆಯಡಿ ಸುಮಾರು ಐದು ಲಕ್ಷ ಜನರನ್ನು 'ಹೊಸ ಗ್ರಾಮ'ಗಳಿಗೆ ಸಾಗಿಸಿದ್ದರು. ಹೋಲಿಕೆ ಮೇಲುನೋಟಕ್ಕೆ ಸರಿ. ಒಳಹೊಕ್ಕು ನೋಡಿದರೆ ಎರಡು ಕಡೆ ಮುರಿದುಬೀಳುತ್ತದೆ. ಮಲಯಾದಲ್ಲಿ ಸಾಗಿಸಲ್ಪಟ್ಟವರಲ್ಲಿ ಹೆಚ್ಚಿನವರು ಕಾಡಂಚಿನಲ್ಲಿ ಹಕ್ಕುಪತ್ರವಿಲ್ಲದೆ ನೆಲೆಸಿದ್ದ ಚೀನಿಯರು. ಬಂಡುಕೋರರೂ ಮುಖ್ಯವಾಗಿ ಆ ಅಲ್ಪಸಂಖ್ಯಾತ ಸಮುದಾಯದವರೇ. ಬಹುಸಂಖ್ಯಾತ ಮಲಯರು ಈ ಹೋರಾಟದ ಹೊರಗಿದ್ದರು. ಮಿಜೋ ಬೆಟ್ಟದಲ್ಲಿ ಕಾಡಿನೊಳಗಿನ ಹುಡುಗ ಬೇಲಿಯೊಳಗಿನವರ ಮಗ ಅಥವಾ ತಮ್ಮ.

ಎರಡನೆಯದು ಬೇಸಾಯದ ಮಾತು, ಯೋಜನೆ ಮಾಡಿದವರು ಸಾಕಷ್ಟು ಯೋಚಿಸದೆ ಬಿಟ್ಟದ್ದೂ ಅದನ್ನೇ. ಮಲಯಾದ ಹೊಸ ಗ್ರಾಮದವನು ಬೆಳಿಗ್ಗೆ ರಬ್ಬರ್ ತೋಟಕ್ಕೋ ತವರದ ಗಣಿಗೋ ಕೂಲಿಗೆ ಹೋಗಿ ಸಂಜೆ ಮರಳಬಹುದಿತ್ತು. ಮಿಜೋ ರೈತನದು ಝೂಮ್, ನಮ್ಮ ಪಶ್ಚಿಮ ಘಟ್ಟದವರು ಕುಮರಿ ಎನ್ನುವ ಬೇಸಾಯ. ಇಳಿಜಾರಿನ ಬಿದಿರು ಕಡಿದು, ಒಣಗಿಸಿ, ಮಳೆಗೆ ಮೊದಲು ಸುಟ್ಟು, ಬೂದಿಯಲ್ಲಿ ಬಿತ್ತಿ, ಫಸಲಿನ ನಂತರ ಆ ನೆಲವನ್ನು ವರ್ಷಗಟ್ಟಲೆ ಬೀಳು ಬಿಡಬೇಕು. ಹೊಲ ಪ್ರತಿ ಸಲ ಜಾಗ ಬದಲಿಸುತ್ತದೆ. ಕಳೆ ಕೀಳುವ, ಹಕ್ಕಿ-ಹಂದಿ ಕಾಯುವ ತಿಂಗಳುಗಳಲ್ಲಿ ಮನೆಮಂದಿ ಹೊಲದ ಗುಡಿಸಲಲ್ಲೇ ರಾತ್ರಿ ಕಳೆಯುತ್ತಾರೆ. ಹತ್ತಾರು ಊರಿನವರನ್ನು ಒಂದು ಶಿಖರದ ಮೇಲೆ ಕೂಡಿಸಿ, ಗುರುತಿನ ಚೀಟಿ ಕೊಟ್ಟು, ಸೂರ್ಯ ಮುಳುಗಿದ ಮೇಲೆ ಕರ್ಫ್ಯೂ ಹಾಕಿದಾಗ ಈ ಬೇಸಾಯ ನಡೆಯುವ ಹಾಗಿರಲಿಲ್ಲ. ನಡೆದುಹೋಗಿ ಬರುವಷ್ಟು ದೂರದ ಇಳಿಜಾರುಗಳನ್ನೇ ಮತ್ತೆ ಮತ್ತೆ ಕಡಿಯಬೇಕಾಯಿತು, ಬೀಳಿನ ಅವಧಿ ಕುಗ್ಗಿತು, ಫಸಲು ಇಳಿಯಿತು. ತಾವೇ ಬೆಳೆದು ತಿನ್ನುತ್ತಿದ್ದವರು ಪಡಿತರದ ಸಾಲಿಗೂ ರಸ್ತೆ ಕೂಲಿಗೂ ಬಂದರು. ಬರಗಾಲದ ಅಕ್ಕಿಯ ಜಗಳದಿಂದ ಹುಟ್ಟಿದ ಬಂಡಾಯಕ್ಕೆ ಸರ್ಕಾರದ ಉತ್ತರ ಕಣಜವನ್ನೇ ಖಾಲಿ ಮಾಡಿದ್ದು, ಇತಿಹಾಸದ ವ್ಯಂಗ್ಯಗಳಲ್ಲಿ ಒಂದು.

ಸೈನಿಕ ದೃಷ್ಟಿಯಿಂದ ಒಟ್ಟುಗೂಡಿಕೆ ಫಲಿಸಿತೇ? ಭಾಗಶಃ ಹೌದು ಎನ್ನಬೇಕು. ಎಂಎನ್‌ಎಫ್ ಕ್ರಮೇಣ ಗಡಿಯಾಚೆಯ ಚಿತ್ತಗಾಂಗ್ ಗುಡ್ಡಗಳ ಕಡೆಗೆ ಸರಿಯಿತು. ಆದರೆ ಅದನ್ನು ಅಲ್ಲಿಂದಲೂ ಎಬ್ಬಿಸಿದ್ದು 1971ರ ಯುದ್ಧ. ಬಾಂಗ್ಲಾದೇಶ ಹುಟ್ಟಿದೊಡನೆ ನೆಲೆಗಳು ಹೋದವು. ಲಾಲ್‌ಡೆಂಗಾ ಬರ್ಮಾದ ಅರಾಕಾನ್ ದಾಟಿ ಪಾಕಿಸ್ತಾನ ಸೇರಿದರು. ಒಟ್ಟುಗೂಡಿಕೆಯ ಫಲವೆಷ್ಟು, ಯುದ್ಧದ ಫಲವೆಷ್ಟು ಎಂದು ಬೇರ್ಪಡಿಸುವುದು ಬಹುಶಃ ಸಾಧ್ಯವಿಲ್ಲ. ಕೇಂದ್ರಗಳಲ್ಲಿ ಶಾಲೆ, ಆಸ್ಪತ್ರೆ, ರಸ್ತೆ ಬೇಗ ಬಂದವು ಎಂಬುದೂ ನಿಜ. 2011ರ ಜನಗಣತಿಯಲ್ಲಿ ಮಿಜೋರಂ ಜನಸಂಖ್ಯೆಯ ಶೇ. 52ರಷ್ಟು ನಗರವಾಸಿಗಳಾಗಿರುವುದರ ಒಂದು ಬೇರು ಇಲ್ಲಿದೆ ಎಂದು ಕೆಲವರು ವಾದಿಸುತ್ತಾರೆ. ಒಪ್ಪಬಹುದಾದ ವಾದ, ಸಾಬೀತಾದದ್ದಲ್ಲ.

ಮಾತುಕತೆಯ ಹತ್ತು ವರ್ಷ

1972ರ ಜನವರಿ 21ರಂದು ಮಿಜೋ ಜಿಲ್ಲೆ ಅಸ್ಸಾಮಿನಿಂದ ಬೇರ್ಪಟ್ಟು ಕೇಂದ್ರಾಡಳಿತ ಪ್ರದೇಶವಾಯಿತು. ಬಂದೂಕು ಹಿಡಿಯದ ಮಿಜೋ ಯೂನಿಯನ್ನಿನ ಛುಂಗಾ ಮೊದಲ ಮುಖ್ಯಮಂತ್ರಿಯಾದರು. ಎಂಎನ್‌ಎಫ್‌ಗೆ ಏನನ್ನೂ ಕೊಡದೆ ಮಿಜೋಗಳಿಗೆ ಕೊಟ್ಟ ಈ ಕ್ರಮಕ್ಕೆ ಸಿಗಬೇಕಾದಷ್ಟು ಮಹತ್ವ ಸಿಕ್ಕಿಲ್ಲ. ಚುನಾವಣೆ, ಶಾಸಕಾಂಗ, ವಿರೋಧಪಕ್ಷ ಎಲ್ಲ ಬಂಡುಕೋರರಿಗಿಂತ ಮೊದಲೇ ಅಲ್ಲಿ ಬೇರೂರಿದವು. ನಿವೃತ್ತ ಬ್ರಿಗೇಡಿಯರ್ ಟಿ. ಸೈಲೊ 1974ರಲ್ಲಿ ಮಾನವ ಹಕ್ಕುಗಳ ಸಮಿತಿ ಕಟ್ಟಿ ಸೇನೆಯ ಅತಿರೇಕಗಳ ದೂರು ಸಂಗ್ರಹಿಸಿದರು. 1978ರಲ್ಲಿ ಅವರೇ ಮುಖ್ಯಮಂತ್ರಿಯಾದರು. ದೂರಿಗೆ ಕಾಡಿನ ಹೊರಗೂ ಒಂದು ದಾರಿಯಿದೆ ಎಂದು ಇದರಿಂದ ಜನರಿಗೆ ಕಂಡಿತು.

ದೆಹಲಿ–ಎಂಎನ್‌ಎಫ್ ಮಾತುಕತೆ ಮಾತ್ರ ಎಡವುತ್ತಲೇ ಸಾಗಿತು. 1975ರ ಜನವರಿ 13ರಂದು ಐಜಾಲಿನ ಪೊಲೀಸ್ ಕಚೇರಿಗೆ ನುಗ್ಗಿದ ಬಂಡುಕೋರರು ಮೂವರು ಹಿರಿಯ ಪೊಲೀಸ್ ಅಧಿಕಾರಿಗಳನ್ನು ಕೊಂದರು. 1976ರ ಜುಲೈ 1ರ ಒಪ್ಪಂದ ಕಾಗದದಲ್ಲೇ ಉಳಿಯಿತು. 1979ರಲ್ಲಿ 'ವಾಯ್'ಗಳು, ಎಂದರೆ ಬಯಲುಸೀಮೆಯ ಹೊರಗಿನವರು, ನಾಡು ಬಿಡಬೇಕೆಂಬ ಎಚ್ಚರಿಕೆ ಹೊರಟಿತು. 1980ರ ಕದನವಿರಾಮ 1982ರಲ್ಲಿ ಮುರಿದು, ಲಾಲ್‌ಡೆಂಗಾ ಲಂಡನ್ನಿಗೆ ಹೋದರು. ಸಂವಿಧಾನದ ಚೌಕಟ್ಟನ್ನು ಅವರು 1976ರಲ್ಲೇ ಒಪ್ಪಿದ್ದರು. ಆಮೇಲಿನ ಹತ್ತು ವರ್ಷ ಎಳೆದಾಡಿದ್ದು ಮಧ್ಯಂತರ ಸರ್ಕಾರದಲ್ಲಿ ಯಾರು ಕೂರಬೇಕು ಎಂಬುದನ್ನು. 1984ರ ಅಕ್ಟೋಬರ್ 31ರಂದು ಅವರು ಇಂದಿರಾ ಗಾಂಧಿಯವರನ್ನು ಕಾಣಬೇಕಿತ್ತು. ಅಂದು ಬೆಳಿಗ್ಗೆಯೇ ಪ್ರಧಾನಿಯ ಹತ್ಯೆಯಾಯಿತು. ಪ್ರೆಸ್ಬಿಟೇರಿಯನ್, ಬ್ಯಾಪ್ಟಿಸ್ಟ್ ಚರ್ಚುಗಳು ಈ ಇಡೀ ಅವಧಿಯಲ್ಲಿ ಎರಡೂ ಕಡೆಯವರೊಂದಿಗೆ ಮಾತು ಉಳಿಸಿಕೊಂಡಿದ್ದವು.

1986ರ ಒಪ್ಪಂದ

ರಾಜೀವ್ ಗಾಂಧಿಯವರ ಕಾಲದಲ್ಲಿ ಮಾತುಕತೆ ಮತ್ತೆ ಚಿಗುರಿ, 1986ರ ಜೂನ್ 30ರಂದು ಲಾಲ್‌ಡೆಂಗಾ, ಕೇಂದ್ರ ಗೃಹ ಕಾರ್ಯದರ್ಶಿ ಆರ್.ಡಿ. ಪ್ರಧಾನ್, ಮಿಜೋರಂ ಮುಖ್ಯ ಕಾರ್ಯದರ್ಶಿ ಲಾಲ್‌ಖಾಮಾ ಸಹಿ ಹಾಕಿದರು. ಅಂದು ಪ್ರಧಾನ್ ಅವರ ನಿವೃತ್ತಿಯ ದಿನ, ಸಹಿಯಾಗುವಾಗ ರಾತ್ರಿಯಾಗಿತ್ತು. ಪೂರ್ಣ ರಾಜ್ಯದ ಸ್ಥಾನ, 53ನೇ ತಿದ್ದುಪಡಿಯ ಮೂಲಕ ಬಂದ 371ಜಿ ವಿಧಿ, ಬಂಡುಕೋರರ ಪುನರ್ವಸತಿ ಇದರ ತಿರುಳು. ಮಿಜೋಗಳ ಧಾರ್ಮಿಕ-ಸಾಮಾಜಿಕ ಆಚರಣೆ, ರೂಢಿಗತ ಕಾನೂನು, ಭೂಮಿಯ ಒಡೆತನ ಕುರಿತ ಸಂಸತ್ತಿನ ಕಾಯಿದೆಗಳು ರಾಜ್ಯ ವಿಧಾನಸಭೆ ನಿರ್ಣಯಿಸದ ಹೊರತು ಅಲ್ಲಿ ಅನ್ವಯಿಸುವುದಿಲ್ಲ. ಮಣಿಪುರ, ತ್ರಿಪುರ, ಅಸ್ಸಾಮಿನ ಮಿಜೋ ನೆಲವನ್ನೂ ಸೇರಿಸಿದ 'ಬೃಹತ್ ಮಿಜೋರಂ' ಬೇಡಿಕೆಗೆ ದೆಹಲಿ ಒಪ್ಪಲಿಲ್ಲ.

ಒಪ್ಪಂದ ನಿಂತದ್ದು ಕಲಮುಗಳಿಂದಲ್ಲ, ಕುರ್ಚಿಯಿಂದ ಎನ್ನಬೇಕು. ಚುನಾವಣೆ ಗೆದ್ದು ಬಂದಿದ್ದ ಕಾಂಗ್ರೆಸ್ ಮುಖ್ಯಮಂತ್ರಿ ಲಾಲ್ ಥನ್‌ಹಾವ್ಲಾ ಸ್ಥಾನ ಬಿಟ್ಟು ಉಪಮುಖ್ಯಮಂತ್ರಿಯಾದರು. ಆಗಸ್ಟ್ 21ರಂದು ಲಾಲ್‌ಡೆಂಗಾ ಅಧಿಕಾರ ವಹಿಸಿಕೊಂಡರು. 1987ರ ಫೆಬ್ರವರಿಯ ಚುನಾವಣೆಯಲ್ಲಿ ಎಂಎನ್‌ಎಫ್ 40ರಲ್ಲಿ 24 ಸ್ಥಾನ ಗೆದ್ದಿತು. ಫೆಬ್ರವರಿ 20ರಂದು ಮಿಜೋರಂ ರಾಜ್ಯವಾಯಿತು. ಮರುವರ್ಷವೇ ಪಕ್ಷಾಂತರದಿಂದ ಸರ್ಕಾರ ಬಿತ್ತು. ಇಪ್ಪತ್ತು ವರ್ಷ ಯುದ್ಧ ಮಾಡಿದ ನಾಯಕ ಅಧಿಕಾರ ಕಳೆದುಕೊಂಡು ಕಾಡಿಗೆ ಹೋಗದೆ ಮುಂದಿನ ಚುನಾವಣೆಗೆ ನಿಂತರು. ಒಪ್ಪಂದದ ನಿಜವಾದ ಪರೀಕ್ಷೆ ಅಂದು ನಡೆಯಿತು.

ಆನಂತರ

ಜೂನ್ 30ನ್ನು ಮಿಜೋರಂ 'ರೆಮ್ನಾ ನಿ', ಶಾಂತಿಯ ದಿನ, ಎಂದು ಆಚರಿಸುತ್ತದೆ. ಈ ಶಾಂತಿಯಲ್ಲಿ ಎಲ್ಲರಿಗೂ ಸಮಪಾಲು ಸಿಗಲಿಲ್ಲ. ಹ್ಮಾರರ ಚಳವಳಿಗೆ 1994ರಲ್ಲಿ ಬೇರೆ ಒಪ್ಪಂದ ಬೇಕಾಯಿತು. 1997ರಲ್ಲಿ ತ್ರಿಪುರಕ್ಕೆ ಓಡಿಹೋದ ಬ್ರೂ ಜನರಿಗೆ ಅಲ್ಲೇ ನೆಲೆ ಕೊಡುವ ಒಪ್ಪಂದವಾದದ್ದು 2020ರ ಜನವರಿಯಲ್ಲಿ.

ಬಿದಿರು 2006–07ರಲ್ಲಿ ಮತ್ತೆ ಹೂ ಬಿಟ್ಟಿತು. ಆಗ ಮುಖ್ಯಮಂತ್ರಿಯಾಗಿದ್ದವರು ಕಾಡಿನಲ್ಲಿ ಲಾಲ್‌ಡೆಂಗಾ ಅವರ ಆಪ್ತರಾಗಿದ್ದ ಜೊರಾಮ್‌ಥಂಗಾ. ಅವರ ಸರ್ಕಾರ ಮೊದಲೇ 'ಬಾಫಾಕಾಸ್' ಎಂಬ ಬರನಿವಾರಣೆ ಯೋಜನೆ ಹೂಡಿ ಕೇಂದ್ರದಿಂದ ಹಣ ಪಡೆದಿತ್ತು. ಇಲಿಯ ಬಾಲಕ್ಕೆ ತಲಾ ಎರಡು ರೂಪಾಯಿ ಕೊಟ್ಟಿತು. ಬೆಳೆ ಆ ಸಲವೂ ಬಹಳಷ್ಟು ಹೋಯಿತು. ಬೈಗುಳ ತಿಂದದ್ದು ಐಜಾಲಿನ ಸರ್ಕಾರ. 2008ರ ಚುನಾವಣೆಯಲ್ಲಿ ಅದು ಸೋತಿತು.