ನಡುವಿನಲ್ಲಿ ನಿಂತುಹೋದ ದನಿ

ರೇಡಿಯೋ ಕೇಳುವ ನಿಮಗೆ ಇದು ಸೋಜಿಗವೆನಿಸಿರಲಾರದು. ಭಾಷಣಕಾರರು ಒಮ್ಮೆ ಮಾತನಾಡುತ್ತಾರೆ. ಹತ್ತು ಮನೆಗಳಲ್ಲಿ ಕೇಳಿದರೂ ಹತ್ತು ಸಾವಿರ ಮನೆಗಳಲ್ಲಿ ಕೇಳಿದರೂ ಅವರು ಎರಡನೆಯ ಸಲ ಬಾಯಿ ತೆರೆಯಬೇಕಾದುದಿಲ್ಲ. ಆಕಾಶದ ಅಲೆ ಅಷ್ಟು ಉದಾರವಾದುದು. ಆದರೆ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹೋಗುವ ಮಾತಿಗೆ ಈ ಸೌಕರ್ಯ ಹುಟ್ಟಿನಿಂದ ಬಂದುದಲ್ಲ. ಇಂಟರ್ನೆಟ್ಟಿನ ಸಂದೇಶ ಅಂಚೆಯ ಕಾಗದವಿದ್ದಂತೆ: ಒಂದು ಲಕೋಟೆಗೆ ಒಂದು ವಿಳಾಸ. ನೂರು ಜನರಿಗೆ ಒಂದೇ ಭಾಷಣ ಮುಟ್ಟಬೇಕಾದರೆ ನೂರು ಲಕೋಟೆಗಳು ಹೊರಡಬೇಕು.

ಈ ತೊಡಕನ್ನು ಬಿಡಿಸಹೊರಟವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸ್ಟೀವ್ ಡೀರಿಂಗ್. 1985ರಲ್ಲಿ ಅವರೂ ಡೇವಿಡ್ ಚೆರಿಟನ್ ಅವರೂ ಒಂದು ಸಲಹೆಯನ್ನು ಮುಂದಿಟ್ಟರು. ವಿಳಾಸ ಒಂದು ಮನೆಯದಾಗದೆ ಒಂದು ಬಳಗದ್ದಾಗಲಿ. ಕೇಳಬೇಕೆನ್ನುವವನು ಹತ್ತಿರದ ರೌಟರಿಗೆ, ಎಂದರೆ ದಾರಿ ತೋರುವ ಯಂತ್ರಕ್ಕೆ, ‘ನಾನೂ ಈ ಬಳಗದವನು’ ಎಂದು ತಿಳಿಸಲಿ. ಮೂಲದಿಂದ ಒಂದೇ ಪ್ರತಿ ಹೊರಡಲಿ; ದಾರಿ ಕವಲೊಡೆದಲ್ಲಿ ಮಾತ್ರ ರೌಟರು ಇನ್ನೊಂದು ಪ್ರತಿ ತೆಗೆಯಲಿ. 1989ರ ಆಗಸ್ಟಿನಲ್ಲಿ ಇದರ ನಿಯಮಾವಳಿ ಹೊರಬಿತ್ತು. ಮಲ್ಟಿಕಾಸ್ಟ್ ಎಂಬುದು ಇದರ ಹೆಸರು.

ಪ್ರತಿ ತೆಗೆಯುವ ಯಂತ್ರಗಳೊಡನೆ ಒಂದು ಭಯವೂ ಉಂಟು. ಜಾಲದಲ್ಲಿ ಸುತ್ತುದಾರಿಗಳಿದ್ದರೆ ಒಂದೇ ಮಾತು ಸುತ್ತಿ ಬಂದು, ಮತ್ತೆ ಪ್ರತಿಯಾಗಿ, ರಕ್ತಬೀಜನ ಸಂತಾನದಂತೆ ಹೆಚ್ಚಿ, ತಂತಿಯನ್ನೆಲ್ಲ ತುಂಬಿಬಿಟ್ಟೀತು. ಅದಕ್ಕೆ ಮದ್ದು 1978ರಲ್ಲೇ ಸಿದ್ಧವಾಗಿತ್ತು. ಮುಂಬಯಿಯ ಐ.ಐ.ಟಿ.ಯಲ್ಲಿ ಓದಿ ಅಮೆರಿಕಕ್ಕೆ ಹೋಗಿದ್ದ ಯೋಗೇನ್ ದಲಾಲ್ ಅವರೂ ರಾಬರ್ಟ್ ಮೆಟ್‌ಕಾಫ್ ಅವರೂ ಕೂಡಿ ಬರೆದ ಲೇಖನದ ಸಾರ ಇಷ್ಟೆ. ಮಾತು ಯಾವ ಬಾಗಿಲಿನಿಂದ ಬಂತೆಂದು ರೌಟರು ನೋಡಬೇಕು. ಆ ಮೂಲಕ್ಕೆ ತಾನೇ ಒಂದು ಕಾಗದ ಕಳುಹಿಸುವುದಾದರೆ ಯಾವ ಬಾಗಿಲಿನಿಂದ ಕಳುಹಿಸುತ್ತಿತ್ತೋ ಆ ಬಾಗಿಲಿನಿಂದಲೇ ಬಂದಿದ್ದರೆ ಒಳಗೆ ಕರೆದುಕೊಂಡು, ಉಳಿದ ಬಾಗಿಲುಗಳಿಂದ ಮುಂದೆ ಬಿಡಬೇಕು, ಇಲ್ಲವಾದರೆ ಎಸೆದುಬಿಡಬೇಕು. ಬಂದ ಬಾಗಿಲಿಗೆ ಮಾತ್ರ ಮರಳಿಸಕೂಡದು. ಇಷ್ಟು ಸರಳವಾದ, ಇಷ್ಟು ಉಪಕಾರಿಯಾದ ನಿಯಮ ಈ ಶಾಸ್ತ್ರದಲ್ಲಿ ಇನ್ನೊಂದಿಲ್ಲವೆಂದೇ ನನ್ನ ಎಣಿಕೆ. ಮುಂದೆ ಪೀಡೆ ತಂದುದೂ ಇದೇ.

1992ರ ಮಾರ್ಚಿಯಲ್ಲಿ ಸ್ಯಾನ್ ಡಿಯೇಗೋ ನಗರದಲ್ಲಿ ಇಂಟರ್ನೆಟ್ ತಜ್ಞರ ಸಭೆ ನೆರೆದಾಗ ಅಲ್ಲಿನ ಮಾತುಗಳು ಮೂರು ಖಂಡಗಳ 20 ಸ್ಥಳಗಳಲ್ಲಿ ಆಗಲೇ ಕೇಳಿಸಿದುವು. ನಿಲಯವಿಲ್ಲದ ಒಂದು ಬಾನುಲಿ ಎನ್ನಿ. ಸಾಮಾನ್ಯ ರೌಟರುಗಳಿಗೆ ಬಳಗದ ವಿಳಾಸ ಇನ್ನೂ ಅರ್ಥವಾಗದಿದ್ದುದರಿಂದ ಅದನ್ನು ಸಾಧಾರಣ ಲಕೋಟೆಯೊಳಗೆ ಅಡಗಿಸಿ ಸಾಗಿಸಿದರು. ಈ ಉಪಾಯಕ್ಕೆ ಸುರಂಗವೆಂದು ಹೆಸರಾಯಿತು.

ಇನ್ನು ತೊಡಕಿನ ಕಥೆ. ಅದೇ ದಶಕದಲ್ಲಿ ದೊಡ್ಡ ವ್ಯಾಪಾರಸಂಸ್ಥೆಗಳು ತಮ್ಮ ಶಾಖೆಗಳನ್ನು ‘ಫ್ರೇಮ್ ರಿಲೇ’ ಎಂಬ ಬಾಡಿಗೆ ಮಾರ್ಗಗಳಿಂದ ಜೋಡಿಸತೊಡಗಿದುವು. ಒಂದು ಮುಖ್ಯ ಕಛೇರಿ, 10 ಶಾಖೆ ಎಂದುಕೊಳ್ಳಿ. ಪ್ರತಿಯೊಂದನ್ನೂ ಪ್ರತಿಯೊಂದಕ್ಕೆ ಜೋಡಿಸಲು 55 ಮಾರ್ಗಗಳು ಬೇಕು. ಎಲ್ಲವನ್ನೂ ಮುಖ್ಯ ಕಛೇರಿಗೆ ಮಾತ್ರ ಜೋಡಿಸಿದರೆ 10 ಸಾಕು. ಬಾಡಿಗೆ ಕೊಡುವವನು ಯಾವುದನ್ನು ಆರಿಸಿಯಾನೆಂದು ಹೇಳಬೇಕಾದುದಿಲ್ಲ. ಇಂಗ್ಲಿಷಿನಲ್ಲಿ ಇದು ‘ಹಬ್ ಅಂಡ್ ಸ್ಪೋಕ್’. ನಮ್ಮ ರೈತರಿಗೆ ಗಾಡಿಯ ಗುಂಬ, ಅರೆಕಾಲು. ಸಂಸ್ಕೃತದಲ್ಲಿ ನಾಭಿ, ಅರ. ಅರೆಕಾಲುಗಳು ಗುಂಬದಲ್ಲಿ ಕೂಡುತ್ತವಲ್ಲದೆ ಒಂದನ್ನೊಂದು ಮುಟ್ಟುವುದಿಲ್ಲ. ರೋಗದ ಬೀಜವಿರುವುದು ಅಲ್ಲೇ.

ಗುಂಬದ ರೌಟರಿಗೆ ಹತ್ತು ಶಾಖೆಗಳೂ ಒಂದೇ ಬಾಗಿಲಿನ ಆಚೆ ಇವೆ. ಒಂದೇ ಬಾಗಿಲಾದ್ದರಿಂದ, ಆಚೆಯವರೆಲ್ಲ ಒಂದೇ ಕೋಣೆಯಲ್ಲಿ ಕುಳಿತಿದ್ದಾರೆ, ಒಬ್ಬರ ಮಾತು ಇನ್ನೊಬ್ಬರಿಗೆ ತಾನಾಗಿಯೇ ಕೇಳಿಸುತ್ತದೆ ಎಂದು ಅದು ತಿಳಿಯುತ್ತದೆ. ಒಂದನೆಯ ಶಾಖೆಯವರು ಭಾಷಣ ಮಾಡಿದರು. ದನಿ ಗುಂಬಕ್ಕೆ ಬಂತು. ಎರಡನೆಯ ಶಾಖೆ ಇರುವುದೂ ಆ ಬಾಗಿಲಿನಲ್ಲೇ. ಬಂದ ಬಾಗಿಲಿಗೆ ಮರಳಿಸಕೂಡದಲ್ಲವೇ? ದನಿ ಅಲ್ಲೇ ನಿಂತಿತು. ಮುಖ್ಯ ಕಛೇರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ, ಸಾಧಾರಣ ಕಾಗದಗಳು ಎಲ್ಲ ಕಡೆಗೂ ಹೋಗಿ ಬರುತ್ತವೆ, ತಂತಿಯಲ್ಲಿ ಊನವಿಲ್ಲ. ಆದರೂ ಸೋದರ ಶಾಖೆಗಳಿಗೆ ಭಾಷಣವಿಲ್ಲ.

ಎರಡನೆಯ ತೊಂದರೆ ಇನ್ನೂ ವಿಚಿತ್ರ. ಮದುವೆಯ ಪಂಕ್ತಿಯಲ್ಲಿ ಒಬ್ಬರು ‘ಸಾರು ಸಾಕು’ ಎಂದರೆ, ಬಡಿಸುವವನು ಮುಂದೆ ಹೋಗುವ ಮೊದಲೇ ಪಕ್ಕದವರು ‘ನನಗೆ ಬೇಕಪ್ಪಾ’ ಎನ್ನುವುದುಂಟಷ್ಟೆ. 1994ರಲ್ಲಿ ಡೀರಿಂಗ್ ಮತ್ತು ಸಂಗಡಿಗರು ಪ್ರಕಟಿಸಿದ ‘ಪಿಮ್’ ಪದ್ಧತಿಯೂ ಹೀಗೆಯೇ ನಡೆಯುತ್ತದೆ. ಒಂದು ರೌಟರು ‘ಸಾಕು’ ಎಂದಾಗ ಮೇಲಿನ ರೌಟರು ಸುಮಾರು 3 ಸೆಕೆಂಡು ಕಾಯುತ್ತದೆ. ಬೇಕಾದವರು ಅಷ್ಟರಲ್ಲಿ ಕೂಗಬೇಕು. ಆದರೆ ಅರೆಕಾಲುಗಳು ಒಂದೇ ಪಂಕ್ತಿಯಲ್ಲಿ ಕುಳಿತಿಲ್ಲ. ಒಂದು ಶಾಖೆಯ ‘ಸಾಕು’ ಇನ್ನೊಂದರ ಕಿವಿಗೆ ಬೀಳದು, ಯಾರೂ ಕೂಗುವುದಿಲ್ಲ, ಗುಂಬ ಬಾಗಿಲನ್ನೇ ಮುಚ್ಚುತ್ತದೆ. ಒಬ್ಬರ ಮನೆಯ ರೇಡಿಯೋ ನಿಲ್ಲಿಸಿದರೆ ಇಡೀ ಊರಿನದು ನಿಂತ ಹಾಗೆ! ‘ಬೇಕು’ ಎಂಬ ಕೋರಿಕೆಯನ್ನು ಪ್ರತಿ 60 ಸೆಕೆಂಡಿಗೊಮ್ಮೆ ಹೊಸದು ಮಾಡುವ ರೂಢಿಯಿರುವುದರಿಂದ ನಿಮಿಷದೊಳಗೆ ದನಿ ತಾನೇ ಮರಳುತ್ತದೆ. ತಜ್ಞನು ಬಂದು ನೋಡುವ ಹೊತ್ತಿಗೆ ರೋಗವೇ ಇಲ್ಲ.

ಸಿಸ್ಕೊ ಮೊದಲಾದ ತಯಾರಕರು ಕಂಡುಕೊಂಡ ಪರಿಹಾರವೆಂದರೆ, ಗುಂಬವು ಬಾಗಿಲಿನ ಲೆಕ್ಕ ಬಿಟ್ಟು ಶಾಖೆಯ ಲೆಕ್ಕ ಇಡುವುದು. ಯಾವ ಶಾಖೆ ‘ಬೇಕು’ ಎಂದಿತು, ಯಾವುದು ‘ಸಾಕು’ ಎಂದಿತು ಎಂದು ಬೇರೆಬೇರೆಯಾಗಿ ಬರೆದುಕೊಂಡು ಒಂದೊಂದಕ್ಕೆ ಒಂದೊಂದು ಪ್ರತಿ ಕಳುಹಿಸುವುದು. ದನಿಯೇನೋ ತಲುಪಿತು, ಆದರೆ ಡೀರಿಂಗರು ನೀಗಿಸಹೊರಟಿದ್ದ ಲಕೋಟೆಗಳ ರಾಶಿ ಮತ್ತೆ ಮುಖ್ಯ ಕಛೇರಿಯ ಹೊಸ್ತಿಲಿಗೆ ಬಂದು ಬಿತ್ತು. ಶಾಖೆಗಳು ಹೆಚ್ಚಿದಷ್ಟೂ ಆ ಒಂದು ಮಾರ್ಗದ ಮೇಲೆ ಹೊರೆ.

ಫ್ರೇಮ್ ರಿಲೇ ಈಗ ಬಹುಮಟ್ಟಿಗೆ ಕಣ್ಮರೆಯಾಗಿದೆ. ಶಾಖೆಗಳನ್ನು ಇಂದು ಇಂಟರ್ನೆಟ್ಟಿನ ಮೇಲೆಯೇ ಸುರಂಗಗಳಿಂದ ಜೋಡಿಸುವುದು ವಾಡಿಕೆ. ಹಲವು ಸುರಂಗಗಳು ಗುಂಬದ ಒಂದೇ ಬಾಗಿಲಿನಲ್ಲಿ ಕೂಡುವುದರಿಂದ ಹಳೆಯ ರೋಗ ಅಲ್ಲಿಗೂ ಬಂದಿದೆ. ಜೊತೆಗೆ ಇನ್ನೊಂದು: ಮಾತು ಸುರಂಗದ ಬಾಗಿಲಿನಿಂದ ಬರುತ್ತದೆ, ಮೂಲಕ್ಕೆ ಹೋಗುವ ದಾರಿ ಮಾತ್ರ ಬೀದಿಯ ಬಾಗಿಲಿನದೆಂದು ರೌಟರಿನ ಪಟ್ಟಿಯಲ್ಲಿ ಬರೆದಿರುತ್ತದೆ. ದಲಾಲರ ನಿಯಮದಂತೆ ಅದು ಸದ್ದಿಲ್ಲದೆ ಎಸೆಯುತ್ತದೆ.

ಆದುದರಿಂದ ದೋಷ ಹುಡುಕುವವರು ಭಾಷಣಕಾರನ ಬಳಿ ಮೊದಲು ಹೋಗುವುದಿಲ್ಲ. ಕೇಳಿಸದವನ ಮನೆಯಿಂದ ಹೊರಟು ಮೂಲದ ಕಡೆಗೆ ಹಿಮ್ಮುಖವಾಗಿ ನಡೆಯುತ್ತಾರೆ. 1990ರ ದಶಕದಲ್ಲೇ ಇದಕ್ಕೆಂದು ‘ಎಂಟ್ರೇಸ್’ ಎಂಬ ಸಾಧನ ಬಂತು. ಪ್ರತಿ ರೌಟರನ್ನೂ ಅದು ಕೇಳುತ್ತದೆ: ಯಾವ ಬಾಗಿಲಿನಿಂದ ಬಂತು, ಯಾವ ಬಾಗಿಲಿನಿಂದ ಹೋಯಿತು, ಎಷ್ಟು ಬಂತು, ಎಷ್ಟು ಹೋಯಿತು. ಬಂದ ಲೆಕ್ಕಕ್ಕೂ ಹೋದ ಲೆಕ್ಕಕ್ಕೂ ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿ ಅವರು ನಿಲ್ಲುತ್ತಾರೆ; ಹೆಚ್ಚಿನ ಸಲ ಅದು ಗುಂಬವೇ ಆಗಿರುತ್ತದೆ.