ಲಿಬರ್ಟಿ (ಮುಳುಗಿದ ಹಡಗು)

ಲಿಬರ್ಟಿ ಇಂಡೋನೇಷ್ಯಾದ ಬಾಲಿ ದ್ವೀಪದ ಈಶಾನ್ಯ ಕರಾವಳಿಯ ತುಲಾಂಬೆನ್ ಗ್ರಾಮದ ಬಳಿ ಮುಳುಗಿರುವ ಅಮೆರಿಕದ ಸರಕು ಹಡಗು. ದೋಣಿಯ ನೆರವಿಲ್ಲದೆ ದಡದಿಂದಲೇ ಈಜಿ ತಲುಪಬಹುದಾದ ಹಡಗಿನ ಅವಶೇಷಗಳಲ್ಲಿ ಇದು ಪ್ರಸಿದ್ಧವಾದುದು.

ಇತಿಹಾಸ

1918ರಲ್ಲಿ ನಿರ್ಮಾಣಗೊಂಡ ಈ ಹಡಗು ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಭೂಸೇನೆಯ ಸೇವೆಯಲ್ಲಿತ್ತು. 1942ರ ಜನವರಿ 11ರಂದು ಲೊಂಬೊಕ್ ಜಲಸಂಧಿಯ ಸಮೀಪ ಜಪಾನಿನ ಜಲಾಂತರ್ಗಾಮಿಯ ಟಾರ್ಪಿಡೊ ದಾಳಿಗೆ ತುತ್ತಾಯಿತು. ಸಿಂಗರಾಜ ಬಂದರಿನತ್ತ ಎಳೆದೊಯ್ಯುವಾಗ ಒಡಲಿಗೆ ನೀರು ನುಗ್ಗಿದ್ದರಿಂದ ಅದನ್ನು ತುಲಾಂಬೆನ್ ದಡಕ್ಕೆ ಹತ್ತಿಸಲಾಯಿತು. 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸ್ಫೋಟಿಸಿದಾಗ ಹಡಗು ದಡದಿಂದ ಜಾರಿ ಕಡಲು ಸೇರಿತು.

ಸ್ವರೂಪ

ಸುಮಾರು 120 ಮೀಟರ್ ಉದ್ದದ ಅವಶೇಷವು ಕಪ್ಪು ಮರಳಿನ ಇಳಿಜಾರಿನಲ್ಲಿ, ಸುಮಾರು 5ರಿಂದ 30 ಮೀಟರ್ ಆಳದವರೆಗೆ ಹರಡಿದೆ. ಹವಳಗಳು ಅದನ್ನು ಆವರಿಸಿದ್ದು, ದೊಡ್ಡ ಗಿಳಿಮೀನುಗಳ ಹಿಂಡುಗಳು ಕಾಣಸಿಗುತ್ತವೆ.

ಮುಳುಗುಗಾರರಿಗೆ ಸೂಚನೆಗಳು

- ದಡದಲ್ಲಿ ಜಾರುವ ಉರುಟು ಕಲ್ಲುಗಳಿವೆ. ಗಟ್ಟಿ ಅಟ್ಟೆಯ ಪಾದರಕ್ಷೆ ಅವಶ್ಯಕ. ಅಲೆಗಳ ನಡುವಿನ ಬಿಡುವನ್ನು ಗಮನಿಸಿ ನೀರಿಗಿಳಿಯಬೇಕು. ಅಲೆ ಜೋರಾಗಿದ್ದರೆ ಇಳಿಯಬಾರದು.
- ಆಳದ ಭಾಗವನ್ನು ಮೊದಲು ನೋಡಿ, ಇಳಿಜಾರನ್ನು ಅನುಸರಿಸಿ ನಿಧಾನವಾಗಿ ಮೇಲೇರಬೇಕು. ವೇಗವಾಗಿ ಏರಿದರೆ ರಕ್ತದಲ್ಲಿ ಕರಗಿರುವ ಸಾರಜನಕ ಗುಳ್ಳೆಗಳಾಗಿ ಪ್ರಾಣಾಪಾಯ ಉಂಟಾಗಬಹುದು. 5 ಮೀಟರ್ ಆಳದಲ್ಲಿ 3 ನಿಮಿಷ ತಂಗುವುದು ರೂಢಿ.
- ತುಕ್ಕು ಹಿಡಿದ ಲೋಹ ಕುಸಿಯಬಹುದಾದ್ದರಿಂದ ತರಬೇತಿಯಿಲ್ಲದವರು ಒಳಹೋಗಬಾರದು.
- ಹವಳವನ್ನು ಮುಟ್ಟಬಾರದು.
- ಹಲವು ಬಾರಿ ಮುಳುಗಿದವರು ಕನಿಷ್ಠ 18 ಗಂಟೆ ವಿಮಾನಯಾನ ಮಾಡಬಾರದು.